ಆಯಿಯ ಫೋಟೊ ರೋಲ್‌ನಲ್ಲಿ ತೆಗೆಯಲೇ, ಮೊಬೈಲ್ ಸಾಕೇ?

ಪ್ರಶ್ನೆ: ಸರ್, ನಾನು ಗುಳೇದಗುಡ್ಡದವಳು, ಕೆಲಸ ಬೆಂಗಳೂರಿನಲ್ಲಿ. ಅಪ್ಪ ಮಾಸ್ತರರಾಗಿದ್ದರು. ಅವರ ಟ್ರಂಕಿನಲ್ಲಿ ಪೆಂಟ್ಯಾಕ್ಸ್ ಕೆ1000 ಅನ್ನುವ ಫಿಲ್ಮ್ ರೋಲ್ ಹಾಕುವ ಹಳೇ ಕ್ಯಾಮೆರಾ ಸಿಕ್ಕಿದೆ. ನಮ್ಮ ಆಯಿಗೆ (ಅಪ್ಪನ ತಾಯಿ) ಈಗ 84 ವರ್ಷ. ಆಯಿಯ ಫೋಟೊ, ಅಡುಗೆಮನೆ, ಮಗ್ಗ, ನಮ್ಮ ಓಣಿ, ಇವನ್ನೆಲ್ಲ ಈ ಕ್ಯಾಮೆರಾದಲ್ಲೇ ತೆಗೆಯುವ ಆಸೆ. ಗೆಳೆಯರು ಬೈಯುತ್ತಾರೆ. "ಮೊಬೈಲ್‌ನ್ಯಾಗ ಚಲೋ ಬರ್ತದ, ಹಳೇ ಲುಕ್ ಬೇಕಂದ್ರ ಫಿಲ್ಟರ್ ಹಾಕು, ಸುಮ್ನೆ ರೊಕ್ಕ ಹಾಳು" ಅಂತಾರೆ. ಏನು ಮಾಡಲಿ? ಮಾಡುವುದಾದರೆ ಹೇಗೆ ಶುರು ಮಾಡಲಿ?

ಉತ್ತರ:

ರೋಲ್‌ನಲ್ಲೇ ತೆಗೆಯಿರಿ. ಆದರೆ ನಿಮ್ಮ ಗೆಳೆಯರ ಮಾತಿನಲ್ಲಿ ಒಂದು ನಿಜ ಇದೆ, ಅದನ್ನು ಮೊದಲೇ ಒಪ್ಪಿಕೊಳ್ಳೋಣ. ಬರೀ ಹಳೇ ಲುಕ್ ಬೇಕು ಅಂತಾದರೆ ರೋಲ್ ಬೇಡ. ಬಣ್ಣ ಮಾಸಿದ ಹಾಗೆ, ರವೆ ಉದುರಿಸಿದ ಹಾಗೆ ಕಾಣಿಸುವುದು ಮೊಬೈಲ್‌ಗೆ ಎರಡು ನಿಮಿಷದ ಕೆಲಸ. ಅಷ್ಟಕ್ಕೋಸ್ಕರ ಒಂದು ಕಲರ್ ರೋಲ್‌ಗೆ ಸಾವಿರ ರೂಪಾಯಿಯ ಆಸುಪಾಸು ಕೊಟ್ಟು, ತೊಳೆಸಿ (ಡೆವಲಪ್ ಮಾಡಿಸಿ) ಸ್ಕ್ಯಾನ್ ಮಾಡಿಸಲು ಮತ್ತೆ ಖರ್ಚು ಮಾಡಬೇಕಾಗಿಲ್ಲ.

ನಾನು ರೋಲ್ ಅನ್ನುವುದು ಬೇರೆ ಕಾರಣಕ್ಕೆ. ಬಾಗಲಕೋಟೆಯಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಸ್ಟುಡಿಯೋ ನಡೆಸುತ್ತಿದ್ದೇನೆ. ಮೊದಲರ್ಧ ರೋಲ್, ಆಮೇಲೆ ಡಿಜಿಟಲ್. ಮದುವೆ, ಪಾಸ್‌ಪೋರ್ಟ್ ಸೈಜ್, ಶಾಲೆಯ ಗ್ರೂಪ್ ಫೋಟೊ, ಈಗ ಎಲ್ಲವೂ ಡಿಜಿಟಲ್‌ನಲ್ಲೇ. ನಮ್ಮ ಮನೆಯವರ ಫೋಟೊ ಮಾತ್ರ ಇವತ್ತಿಗೂ ರೋಲ್‌ನಲ್ಲಿ ತೆಗೆಯುತ್ತೇನೆ. ಯಾಕೆಂದರೆ ಎದುರಿಗೆ ಕೂತವರು ಕ್ಯಾಮೆರಾ ನೋಡಿ ಬದಲಾಗುತ್ತಾರೆ. ಇದನ್ನು ನಾನು ಸಾವಿರ ಸಲ ನೋಡಿದ್ದೇನೆ.

ನೀವು ಮೊಬೈಲ್ ಎತ್ತಿದ ಕೂಡಲೇ ಆಯಿ ಏನು ಮಾಡುತ್ತಾರೆ, ನೆನಪು ಮಾಡಿಕೊಳ್ಳಿ. ಸೆರಗು ಹೊದ್ದುಕೊಂಡು, ಕೈ ಮೊಳಕಾಲ ಮೇಲಿಟ್ಟು, ನೆಟ್ಟಗೆ ಕೂರುತ್ತಾರೆ. ನೀವು ಒತ್ತುತ್ತೀರಿ. "ತೋರಸು ನೋಡೂಣು" ಅಂತಾರೆ. ತೋರಿಸುತ್ತೀರಿ. "ಅಯ್ಯ, ಎಷ್ಟ ಮುದುಕಿ ಕಾಣಸ್ತೀನಿ, ತಗದಬಿಡು ಅದನ್ನ" ಅಂತಾರೆ. ಅಲ್ಲಿಂದ ಮುಂದೆ ನೀವು ಎಷ್ಟು ತೆಗೆದರೂ ಅವರು ಆ ಪರದೆಯಲ್ಲಿ ಕಂಡ ಮುಖವನ್ನೇ ಸರಿಮಾಡಲು ನೋಡುತ್ತಿರುತ್ತಾರೆ. ನೀವೂ ಪ್ರತಿ ಸಲ ತಲೆ ಬಗ್ಗಿಸಿ ಪರದೆ ನೋಡುತ್ತೀರಿ. ಅಷ್ಟರಲ್ಲಿ ಅವರ ಮುಖದಲ್ಲಿ ಬಂದದ್ದು ಹೋಗಿರುತ್ತದೆ.

ರೋಲ್ ಕ್ಯಾಮೆರಾದಲ್ಲಿ ತೋರಿಸಲು ಏನೂ ಇಲ್ಲ. "ಯಾವಾಗ ಬರ್ತದ?" ಅಂತ ಕೇಳುತ್ತಾರೆ. "ಹದಿನೈದು ದಿನ ಆಗ್ತದ ಆಯಿ" ಅಂದರೆ ಮಾತು ಮುಗಿಯಿತು. ನೀವು ಫೋಕಸ್ ತಿರುಗಿಸುತ್ತೀರಿ, ಬೆಳಕು ತೋರಿಸುವ ಸೂಜಿ ನೋಡುತ್ತೀರಿ, ಒತ್ತುತ್ತೀರಿ, ಲಿವರ್ ಎಳೆಯುತ್ತೀರಿ. ನಿಧಾನದ ಕೆಲಸ. ನಾಲ್ಕನೇ ಫೋಟೊ ಹೊತ್ತಿಗೆ ಅವರಿಗೆ ಬೇಸರ ಬಂದು ಹೂವಿನ ಕಡೆಗೋ ಹಿಟ್ಟಿನ ಕಡೆಗೋ ಕೈ ಹೋಗುತ್ತದೆ. ಆಮೇಲೆ ಮಾತು ಬರುತ್ತದೆ. ನಿಮಗೆ ಬೇಕಾದ ಫೋಟೊ ಅಲ್ಲಿಂದ ಶುರು. ಮೊದಲ ಮೂರು-ನಾಲ್ಕು ಫೋಟೊ ಹಾಳಾದರೂ ಚಿಂತೆ ಮಾಡಬೇಡಿ. ಆ ಖರ್ಚು ಮಾಡಲೇಬೇಕು.

ನಮ್ಮ ಅವ್ವನ ಒಂದು ಫೋಟೊ ಇದೆ. ಹಳೇ ಬಾಗಲಕೋಟೆಯ ನಮ್ಮ ಮನೆ. ಮುಳುಗಡೆ ಆಗುತ್ತದೆ, ಮನೆ ಖಾಲಿ ಮಾಡಬೇಕು ಅಂತ ಗೊತ್ತಾಗಿತ್ತು. ಆಲಮಟ್ಟಿಯ ಹಿನ್ನೀರು ಘಟಪ್ರಭೆಗುಂಟ ಏರಿ ಬಂದು ಊರಿನ ಎಷ್ಟೋ ಓಣಿ ಹೋದವು, ಜನ ನವನಗರಕ್ಕೆ ಬಂದರು. ನಿಮ್ಮ ಕಡೆಯವರಿಗೆ ಇದೆಲ್ಲ ಗೊತ್ತೇ ಇದೆ. ಹೊರಡುವ ಹಿಂದಿನ ವಾರ ನಾನು ಒಂದೇ ಒಂದು ಕಪ್ಪು-ಬಿಳುಪು ರೋಲ್ ಹಾಕಿಕೊಂಡು ಮನೆಯಲ್ಲಿ ಅಡ್ಡಾಡಿದೆ. 36 ಫೋಟೊ. ಮನೆ ಇಡೀ ಅಷ್ಟರಲ್ಲೇ ಹಿಡಿಯಬೇಕಿತ್ತು. ಹಾಗಾಗಿ ಕ್ಯಾಮೆರಾ ಎತ್ತುವ ಮೊದಲು ನೋಡಿದ್ದೇ ಜಾಸ್ತಿ. ಅವ್ವ ಹೊಸ್ತಿಲು ತೊಳೆದು, ಅರಿಷಿಣ ಹಚ್ಚಿ, ಕುಂಕುಮ ಇಡುತ್ತಿದ್ದಳು. ಇನ್ನೊಂದು ವಾರಕ್ಕೆ ಬಿಟ್ಟು ಹೋಗುವ ಮನೆಯ ಹೊಸ್ತಿಲು. ದಿನಾ ಮಾಡಿದ ಹಾಗೇ ಮಾಡುತ್ತಿದ್ದಳು. ಎಡಗೈ ಚೌಕಟ್ಟಿನ ಮೇಲೆ ಊರಿದ್ದಳು. ಚೌಕಟ್ಟಿನ ಆ ಜಾಗ ಎಷ್ಟೋ ವರ್ಷದ ಅದೇ ಕೈಯಿಂದ ನುಣುಪಾಗಿ ಹೊಳೆಯುತ್ತಿತ್ತು. ಆ ಹೊಳಪು ನನ್ನ ಕಣ್ಣಿಗೆ ಬಿದ್ದದ್ದು ಅವತ್ತೇ. ಅದೇ ಮನೆಯಲ್ಲಿ ಹುಟ್ಟಿ ಬೆಳೆದಿದ್ದೆ, ಅಲ್ಲಿಯವರೆಗೆ ನೋಡಿರಲಿಲ್ಲ. ಒಂದೇ ಸಲ ಒತ್ತಿದೆ.

ಆ ನೆಗೆಟಿವ್ ಈಗಲೂ ನನ್ನ ಹತ್ತಿರ ಇದೆ. ಹೋದ ವರ್ಷ ಅದರಿಂದ ದೊಡ್ಡ ಪ್ರಿಂಟ್ ತೆಗೆದೆ. ಹೊಸದರ ಹಾಗೇ ಬಂತು. ನನ್ನ ಮಗಳ ಮೊದಲ ಮೂರು ವರ್ಷದ ಫೋಟೊ ಮಾತ್ರ ಇಲ್ಲ. ಅವು ಡಿಜಿಟಲ್, ಒಂದೇ ಹಾರ್ಡ್ ಡಿಸ್ಕ್‌ನಲ್ಲಿದ್ದವು, ಒಂದು ದಿನ ಆ ಡಿಸ್ಕ್ ತಿರುಗಲೇ ಇಲ್ಲ. ಇನ್ನೊಂದು ಕಾಪಿ ಇಡದಿದ್ದದ್ದು ನನ್ನದೇ ತಪ್ಪು. ಆದರೆ ಮನೆಯಲ್ಲಿ ಹೀಗೇ ಅಲ್ವಾ ಆಗುವುದು? ಯಾರು ಕೂತು ಕಾಪಿ ಮಾಡುತ್ತಾರೆ? ನೆಗೆಟಿವ್‌ಗೆ ಪಾಸ್‌ವರ್ಡ್ ಬೇಡ, ಚಾರ್ಜರ್ ಬೇಡ. ಟ್ರಂಕಿನಲ್ಲಿ ಮರೆತರೂ ಇರುತ್ತದೆ. ಇಪ್ಪತ್ತು ವರ್ಷ ಬಿಟ್ಟು ಯಾರೋ ತೆಗೆದು ಕಿಟಕಿಗೆ ಹಿಡಿದರೂ ಸಾಕು, ಮನುಷ್ಯರು ಕಾಣುತ್ತಾರೆ. ಕಪ್ಪು-ಬಿಳುಪು ನೆಗೆಟಿವ್‌ನಲ್ಲಿ ಇರುವುದು ಬೆಳ್ಳಿ. ಹೈಪೋದಲ್ಲಿ (ಮೂಡಿದ ಚಿತ್ರವನ್ನು ಕಾಯಂ ಮಾಡುವ ರಾಸಾಯನಿಕ) ಸರಿಯಾಗಿ ಇಟ್ಟು ಚೆನ್ನಾಗಿ ತೊಳೆದಿದ್ದರೆ ನೂರು ವರ್ಷ ಬಾಳುತ್ತದೆ. ಕಲರ್ ಹಾಗಲ್ಲ. ಅದರಲ್ಲಿ ಉಳಿಯುವುದು ಬಣ್ಣ, ಬಣ್ಣ ನಿಧಾನಕ್ಕೆ ಮಾಸುತ್ತದೆ. ಹಾಗಾಗಿ ಆಯಿಯ ಮುಖಕ್ಕೆ ಒಂದು ಕಪ್ಪು-ಬಿಳುಪು ರೋಲ್ ಇರಲೇಬೇಕು ಅನ್ನುವುದು ನನ್ನ ಮಾತು.

ಇನ್ನು ಮುಖದ ವಿಷಯ. ಈಗಿನ ಮೊಬೈಲ್ ಒಂದು ಸಲ ಒತ್ತಿದರೆ ಒಂದೇ ಫೋಟೊ ತೆಗೆಯುವುದಿಲ್ಲ. ಸರಸರ ಹಲವು ತೆಗೆದು, ಕೂಡಿಸಿ, ನೆರಳನ್ನು ಎತ್ತಿ, ಚರ್ಮ ನುಣುಪು ಮಾಡಿ ಕೊಡುತ್ತದೆ. ಹುಡುಗರ ಮುಖಕ್ಕೆ ಅದು ಸರಿ ಅನ್ನಿಸಬಹುದು. 84 ವರ್ಷದ ಮುಖದಲ್ಲಿ ಸುಕ್ಕು ಒರೆಸಿದರೆ ಉಳಿಯುವುದೇನು? ನಮ್ಮ ಬಿಸಿಲಿನಲ್ಲಿ ದುಡಿದ ಕಪ್ಪು ಬಣ್ಣವನ್ನು ಅದು ಬೂದಿ ಬಳಿದ ಹಾಗೆ ತಿಳಿ ಮಾಡುವುದನ್ನೂ ನೋಡಿದ್ದೇನೆ.

ಸೆರಗಿನ ಕೆಂಪು ನೋಡಿ. ಇಳಕಲ್ ಸೀರೆಯ ಟೋಪ್ ತೆನಿ ಸೆರಗು, ಕೆಂಪಿನ ಮೇಲೆ ಬಿಳಿ ತೆನೆ. ಅದನ್ನು ಮಧ್ಯಾಹ್ನದ ಬೆಳಕಿನಲ್ಲಿ ಮೊಬೈಲ್‌ನಲ್ಲಿ ತೆಗೆದು ದೊಡ್ಡದು ಮಾಡಿ ನೋಡಿ. ಕೆಂಪು ಎಲ್ಲ ಒಂದೇ ಮುದ್ದೆ ಆಗಿರುತ್ತದೆ, ನೂಲು ಕಾಣುವುದಿಲ್ಲ. ಗಾಢ ಕೆಂಪಿಗೆ ಬೆಳಕು ಬಿದ್ದಾಗ ಡಿಜಿಟಲ್ ಸೆನ್ಸರ್‌ನ ಕೆಂಪಿನ ಲೆಕ್ಕ ಬೇಗ ತುಂಬಿಬಿಡುತ್ತದೆ, ತುಂಬಿದ ಮೇಲೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಬಿಸಿಲಿನಲ್ಲಿ ಬಿಳಿ ಧೋತರ ಉಟ್ಟು ಕೂತವರದೂ ಇದೇ ಕಥೆ. ನೆಗೆಟಿವ್ ಫಿಲ್ಮ್ ಹೀಗೆ ಒಮ್ಮೆಲೇ ಕೈ ಬಿಡುವುದಿಲ್ಲ. ಬೆಳಕು ಎರಡು ಸ್ಟಾಪ್ ಜಾಸ್ತಿ ಆದರೂ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು) ಬಿಳಿಯಲ್ಲಿ ಮಡಿಕೆ ಉಳಿಸಿಕೊಳ್ಳುತ್ತದೆ. ಆದರೆ ಕಡಿಮೆ ಬೆಳಕನ್ನು ಅದು ಕ್ಷಮಿಸುವುದಿಲ್ಲ. ನೆರಳಿನಲ್ಲಿ ಬೆಳಕು ಬೀಳದಿದ್ದರೆ ನೆಗೆಟಿವ್‌ನ ಆ ಜಾಗ ಬರೀ ಗಾಜು, ಅಲ್ಲಿಂದ ಏನನ್ನೂ ಎತ್ತಲು ಬರುವುದಿಲ್ಲ. ಡಿಜಿಟಲ್ ಕಲಿತವರು ರೋಲ್ ಹಿಡಿದಾಗ ಮಾಡುವ ದೊಡ್ಡ ತಪ್ಪು ಇದೇ. ಬಿಳಿ ಉಳಿಸಲು ಹೋಗಿ ನೆರಳು ಕಳೆಯುತ್ತಾರೆ.

ಈಗ ಕ್ಯಾಮೆರಾ. ನಿಮ್ಮ ಅಪ್ಪ ಚಲೋ ಕ್ಯಾಮೆರಾ ಇಟ್ಟು ಹೋಗಿದ್ದಾರೆ. ಕೆ1000 ಅನ್ನು 1976ರಿಂದ 1997ರವರೆಗೆ ಹೆಚ್ಚುಕಡಿಮೆ ಬದಲಾವಣೆ ಇಲ್ಲದೆ ತಯಾರಿಸಿದರು. ಅದರಲ್ಲಿ ಬ್ಯಾಟರಿ ಬೇಕಾಗುವುದು ಬೆಳಕು ಅಳೆಯುವ ಮೀಟರ್‌ಗೆ ಮಾತ್ರ. ಷಟರ್ ಪೂರ್ತಿ ಯಂತ್ರದ್ದು, ಬ್ಯಾಟರಿ ಸತ್ತರೂ ಫೋಟೊ ಬರುತ್ತದೆ. ಎಲ್‌ಆರ್44 ಅನ್ನುವ ಗುಂಡಿ ಸೆಲ್ ಒಂದು ಹಾಕಿ. ಆಫ್ ಮಾಡುವ ಬಟನ್ ಇಲ್ಲ. ಲೆನ್ಸ್ ಮುಚ್ಚಳ ಹಾಕದೆ ಇಟ್ಟರೆ ಮೀಟರ್ ಸೆಲ್ ತಿನ್ನುತ್ತಲೇ ಇರುತ್ತದೆ.

ರೋಲ್ ಹಾಕುವ ಮೊದಲು ಹಿಂದಿನ ಬಾಗಿಲು ತೆರೆದು ಅಂಚಿನ ಕಪ್ಪು ಫೋಮ್ ಮುಟ್ಟಿ ನೋಡಿ. ಬೆಲ್ಲದ ಪಾಕದ ಹಾಗೆ ಕೈಗೆ ಅಂಟಿದರೆ ಅದು ಕೊಳೆತಿದೆ, ಬೆಳಕು ಒಳಗೆ ನುಗ್ಗುತ್ತದೆ. ಸ್ಪಿರಿಟ್ ಹಚ್ಚಿದ ಕಡ್ಡಿಯಿಂದ ಒರೆಸಿ ಹೊಸದು ಕೂರಿಸಬೇಕು. ಇಲ್ಲದಿದ್ದರೆ ಕಪ್ಪು ಉಲ್ಲನ್ ದಾರ ಒತ್ತಿದರೂ ನಡೆಯುತ್ತದೆ. ಲೆನ್ಸನ್ನು ಬಿಸಿಲಿಗೆ ಹಿಡಿದು ಒಳಗೆ ಜೇಡರ ಬಲೆಯಂಥ ಬೂಸ್ಟು ಇದೆಯೇ ನೋಡಿ. ಷಟರ್ 1 ಸೆಕೆಂಡಿಗೆ ಇಟ್ಟು ಒತ್ತಿ, ಗಡಿಯಾರದ ಜೊತೆ ಹೋಲಿಸಿ. ವರ್ಷಗಟ್ಟಲೆ ಟ್ರಂಕಿನಲ್ಲಿದ್ದರೆ ನಿಧಾನದ ವೇಗಗಳು ಜಡ್ಡುಗಟ್ಟಿರುತ್ತವೆ. 60, 125, 250 (ಅಂದರೆ ಸೆಕೆಂಡಿನ 60ನೇ, 125ನೇ, 250ನೇ ಒಂದು ಭಾಗ) ಸರಿ ಇದ್ದರೆ ನಿಮ್ಮ ಕೆಲಸಕ್ಕೆ ಸಾಕು.

ರೋಲ್ ಹಾಕಿದ ಮೇಲೆ ಒಂದು ವಿಷಯ ಮರೆಯಬೇಡಿ. ಲಿವರ್ ಎಳೆಯುವಾಗ ಎಡಗಡೆಯ ಸುತ್ತುವ ಗುಂಡಿ ತಾನೂ ತಿರುಗಬೇಕು. ತಿರುಗದಿದ್ದರೆ ರೋಲ್ ಹಲ್ಲಿಗೆ ಸಿಕ್ಕಿಲ್ಲ ಅಂತ ಅರ್ಥ. ಇಡೀ ಹಬ್ಬ ಫೋಟೊ ತೆಗೆದು, ಕೊನೆಗೆ ಖಾಲಿ ರೋಲ್ ತಂದು ನನ್ನ ಮುಂದೆ ಅತ್ತವರಿದ್ದಾರೆ.

ಬೆಳಕು ಅಳೆಯುವುದು ಹೇಗೆ? ಕ್ಯಾಮೆರಾದ ಮೀಟರ್‌ಗೆ ಸೀರೆ ಯಾವುದು, ಗೋಡೆ ಯಾವುದು ಗೊತ್ತಿಲ್ಲ. ಎಲ್ಲವನ್ನೂ ಮಧ್ಯಮ ಬೂದು ಅಂದುಕೊಳ್ಳುತ್ತದೆ. ಬಿಳಿ ಸುಣ್ಣದ ಗೋಡೆಗೆ ಒರಗಿ ಆಯಿ ಕೂತರೆ ಅದು ಗೋಡೆಯನ್ನು ಬೂದು ಮಾಡಲು ಹೋಗಿ ಮುಖವನ್ನು ಕಪ್ಪು ಮಾಡುತ್ತದೆ. ಅದಕ್ಕೆ ನಾವು ಸ್ಟುಡಿಯೋದವರು ಮಾಡುವ ಸುಲಭದ ಕೆಲಸ ಇದು. ಅವರ ಮುಖದ ಮೇಲೆ ಯಾವ ಬೆಳಕು ಬೀಳುತ್ತಿದೆಯೋ ಅದೇ ಬೆಳಕಿನಲ್ಲಿ ನಿಮ್ಮ ಅಂಗೈ ಹಿಡಿದು, ಕ್ಯಾಮೆರಾದಲ್ಲಿ ಅಂಗೈ ಪೂರ್ತಿ ತುಂಬಿಸಿ ಸೂಜಿ ಮಧ್ಯಕ್ಕೆ ತನ್ನಿ. ಆಮೇಲೆ ಒಂದು ಸ್ಟಾಪ್ ಬೆಳಕು ಜಾಸ್ತಿ ಕೊಡಿ. ಷಟರ್ 125 ಬಂದಿದ್ದರೆ 60ಕ್ಕೆ ಇಳಿಸಿ. ನಮ್ಮ ಮೈಬಣ್ಣ ಏನೇ ಇದ್ದರೂ ಅಂಗೈ ಹೆಚ್ಚುಕಡಿಮೆ ಒಂದೇ ತಿಳಿ ಇರುತ್ತದೆ. ಅದಕ್ಕೇ ಇದು ಎಲ್ಲರಿಗೂ ನಡೆಯುತ್ತದೆ.

ಕೂರಿಸುವ ಜಾಗ ಹೊಸ್ತಿಲಿನ ಒಳಗೆ ಎರಡು ಹೆಜ್ಜೆ. ಬಾಗಿಲ ಕಡೆ ಮುಖ, ಸ್ವಲ್ಪ ಓರೆ. ಹೊರಗೆ ಬಿಸಿಲು, ಒಳಗೆ ನೆರಳು, ಮುಖದ ಮೇಲೆ ಮೆತ್ತನೆಯ ಬೆಳಕು. ನಿಮ್ಮದು ಮಣ್ಣಿನ ಮಾಳಿಗೆಯ ಮನೆ ಆಗಿದ್ದು ಅಡುಗೆಮನೆಯಲ್ಲಿ ಬೆಳಕಿಂಡಿ ಇದ್ದರೆ ನಿಮ್ಮಷ್ಟು ಪುಣ್ಯವಂತರಿಲ್ಲ. ಬೆಳಿಗ್ಗೆ ಒಲೆಯ ಹೊಗೆಯಲ್ಲಿ ಆ ಬೆಳಕು ಕೋಲಿನ ಹಾಗೆ ಇಳಿಯುತ್ತದೆ. ಆಯಿ ರೊಟ್ಟಿ ಬಡಿಯುವಾಗ ಷಟರ್ 30ರಲ್ಲಿ, ಗೋಡೆಗೆ ಒರಗಿ, ಉಸಿರು ಬಿಟ್ಟು ಒತ್ತಿ. ಮುಖ ನಿಂತಿರುತ್ತದೆ, ಕೈ ಮಾತ್ರ ಹಾರಿದ ಹಾಗೆ ಬರುತ್ತದೆ. ಕೈ ಚೂಪಾಗಿ ನಿಂತ ಫೋಟೊಗಿಂತ ಅದೇ ನಿಜ ಅನ್ನಿಸುತ್ತದೆ. ಮಗ್ಗದ ಲಾಳಿಗೂ ಇದನ್ನೇ ಮಾಡಿ.

ಫ್ಲ್ಯಾಶ್ ಬೇಡ.

ಲೆನ್ಸಿನ ಕಿಂಡಿಯನ್ನು ಪೂರ್ತಿ ತೆರೆದು ಎಫ್ 2ರಲ್ಲಿ (ಅಂಕಿ ಸಣ್ಣದಾದಷ್ಟೂ ಕಿಂಡಿ ದೊಡ್ಡದು) ಒಂದು ಮೀಟರ್ ಹತ್ತಿರದಿಂದ ತೆಗೆದರೆ ಚೂಪಾಗಿ ಬರುವ ಆಳ ಎರಡು-ಮೂರು ಬೆರಳಿನಷ್ಟೇ. ಆಯಿ ಸ್ವಲ್ಪ ಮುಂದೆ ಬಾಗಿದರೂ ಕಣ್ಣು ತಪ್ಪಿ ಕಿವಿ ಚೂಪಾಗಿರುತ್ತದೆ. ಒಂದೂವರೆ ಮೀಟರ್ ದೂರದಲ್ಲಿ ಎಫ್ 4 ಇಟ್ಟರೆ ಒಂದು ಗೇಣು ಸಿಗುತ್ತದೆ. ಹೊಸಬರಿಗೆ ಅದು ನೆಮ್ಮದಿ.

ರೋಲ್ ಯಾವುದು? ಕಪ್ಪು-ಬಿಳುಪಿಗೆ ಇಲ್ಫರ್ಡ್ ಎಚ್‌ಪಿ5 ಪ್ಲಸ್, ಐಎಸ್‌ಒ 400 (ಈ ಅಂಕಿ ಜಾಸ್ತಿ ಇದ್ದಷ್ಟೂ ಕಡಿಮೆ ಬೆಳಕು ಸಾಕು). ಮನೆಯೊಳಗೂ ನಡೆಯುತ್ತದೆ, ಸಣ್ಣಪುಟ್ಟ ತಪ್ಪನ್ನೂ ತಡೆದುಕೊಳ್ಳುತ್ತದೆ. ಹೊರಗೆ ಓಣಿ, ಸಂತೆ, ಸೀರೆ-ಖಣದ ಬಣ್ಣಕ್ಕೆ ಕೊಡಾಕ್ ಗೋಲ್ಡ್ 200. ಅಪ್ಪನ ಕ್ಯಾಮೆರಾ ಜೊತೆ ಹಳೇ ರೋಲ್ ಸಿಕ್ಕಿದ್ದರೆ ಅದನ್ನು ಆಯಿಯ ಫೋಟೊಗೆ ಹಾಕಬೇಡಿ. ಆಗ ಊಟಿಯಲ್ಲಿ ಹಿಂದುಸ್ತಾನ್ ಫೋಟೊ ಫಿಲ್ಮ್ಸ್ ಅಂತ ಸರ್ಕಾರಿ ಕಂಪನಿ ಇತ್ತು, 'ಇಂದು' ಹೆಸರಿನ ಫಿಲ್ಮ್, ಕಾಗದ ಎಲ್ಲ ಅಲ್ಲಿಂದ ಬರುತ್ತಿತ್ತು. ನಾನು ಕಲಿತದ್ದೇ ಇಂದು ಕಾಗದದ ಮೇಲೆ. ಆ ಕಾರ್ಖಾನೆ ಮುಚ್ಚಿತು, ಈಗ ಈ ರೋಲ್‌ಗಳೆಲ್ಲ ಹೊರದೇಶದ್ದು. ಬೆಲೆ ಏರಿದ್ದಕ್ಕೆ ಅದೂ ಒಂದು ಕಾರಣ. ನನಗೆ ಅದರ ಬಗ್ಗೆ ಇನ್ನೂ ಸಂಕಟ ಇದೆ.

ತೊಳೆಸುವ ವಿಷಯಕ್ಕೆ ಬರೋಣ. ನಮ್ಮ ಕಡೆಯ ಸ್ಟುಡಿಯೋಗಳಲ್ಲಿ ಕಲರ್ ರೋಲ್ ತೊಳೆಯುವ ಯಂತ್ರ ನಿಂತು ವರ್ಷಗಳಾದವು. ಕಲರ್‌ಗೆ ಸಿ-41 ಅನ್ನುವ ಪದ್ಧತಿ. ಡೆವಲಪರ್ (ಫಿಲ್ಮ್ ಮೇಲೆ ಚಿತ್ರ ಮೂಡಿಸುವ ದ್ರಾವಣ) 38 ಡಿಗ್ರಿ ಬಿಸಿ, ಮೂರೂಕಾಲು ನಿಮಿಷ, ಸ್ವಲ್ಪವೂ ಆಚೀಚೆ ಆಗುವಂತಿಲ್ಲ. ನೀವು ಬೆಂಗಳೂರಿನಲ್ಲೇ ಇದ್ದೀರಿ, ಅಲ್ಲಿ ತೊಳೆಯುವವರಿದ್ದಾರೆ, ಕೊಡಿ. ಕೊಡುವಾಗ "ನೆಗೆಟಿವ್ ವಾಪಸ್ ಬೇಕು" ಅಂತ ಬರೆದೇ ಕೊಡಿ. ಸ್ಕ್ಯಾನ್ ಬಂತು ಅಂತ ನೆಗೆಟಿವ್ ಬಿಟ್ಟು ಬರುವವರು ಬಹಳ. ಹಾಗೆ ಮಾಡಿದರೆ ಇಷ್ಟೆಲ್ಲ ಮಾಡಿದ್ದು ಮೊಬೈಲ್ ಫೋಟೊಕ್ಕೇ ಸಮ ಆಯಿತು.

ಕಪ್ಪು-ಬಿಳುಪನ್ನು ಮನೆಯಲ್ಲೇ ತೊಳೆಯಬಹುದು. ಒಂದು ಟ್ಯಾಂಕ್, ಡಿ-76 ಡೆವಲಪರ್, ಹೈಪೋ, ಒಂದು ಥರ್ಮಾಮೀಟರ್. ಎಚ್‌ಪಿ5ಗೆ ಡಿ-76 ನೀರು ಬೆರೆಸದೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. ಆದರೆ ನಮ್ಮ ಊರಲ್ಲಿ 20 ಡಿಗ್ರಿ ನೀರು ಎಲ್ಲಿಂದ ಬರಬೇಕು? 24 ಡಿಗ್ರಿ ಆದರೆ ಸುಮಾರು ಐದೂಕಾಲು ನಿಮಿಷಕ್ಕೆ ಇಳಿಯುತ್ತದೆ. ಅದಕ್ಕಿಂತ ಬಿಸಿಯಾದರೆ ಸಮಯ ಇನ್ನೂ ಕಡಿಮೆಯಾಗಿ, ಫೋಟೊ ಒಂದು ಕಡೆ ಗಾಢ ಒಂದು ಕಡೆ ತಿಳಿ ಆಗುತ್ತದೆ. ನಾನು ಕಲಿಯುವ ಕಾಲದಲ್ಲಿ ಒಂದು ಮೇ ತಿಂಗಳು ಮೇಲಿನ ಟ್ಯಾಂಕಿನ ನೀರನ್ನು ಹಾಗೇ ಬಿಟ್ಟೆ. ಕೈಗೆ ಬಿಸಿ ಅನ್ನಿಸಿತ್ತು, ಅವಸರದಲ್ಲಿದ್ದೆ. ಫಿಲ್ಮ್ ಮೇಲಿನ ಪದರ ಮೆತ್ತಗಾಗಿ ಒಣಗಿದ ಕೆರೆಯ ಮಣ್ಣಿನ ಹಾಗೆ ಬಿರುಕು ಬಿಟ್ಟಿತು. ಒಬ್ಬರ ಮನೆಯ ಸೀಮಂತದ ಫೋಟೊ ಅವು. ಮತ್ತೆ ತೆಗೆಯಲು ಬರುವಂಥವಲ್ಲ. ಆ ಮನೆಗೆ ಹೋಗಿ ಹೇಳಿದ ದಿನ ನನಗೆ ಇನ್ನೂ ನೆನಪಿದೆ. ಹಾಗಾಗಿ ಬಕೆಟ್‌ನಲ್ಲಿ ಮಂಜುಗಡ್ಡೆ ಹಾಕಿ, ಅದರೊಳಗೆ ಬಾಟಲಿಗಳನ್ನು ನಿಲ್ಲಿಸಿ ತಣ್ಣಗೆ ಮಾಡಿ. ಡೆವಲಪರ್‌ನೊಳಗೆ ಮಂಜು ಹಾಕಬೇಡಿ. ಹೈಪೋ, ತೊಳೆಯುವ ನೀರು ಎಲ್ಲ ಒಂದೇ ಹದದಲ್ಲಿರಲಿ. ನಮ್ಮದು ಬೋರ್ ನೀರು, ಗಡಸು. ಒಣಗಿದ ಮೇಲೆ ಬಿಳಿ ಕಲೆ ಕೂರುತ್ತವೆ. ಕೊನೆಯ ಜಾಲಾಡಿಕೆಗೆ ಮಾತ್ರ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಕ್ಯಾನ್ ತಂದು ಬಳಸಿ.

ಎಲ್ಲದಕ್ಕೂ ರೋಲ್ ಅಂತ ನಾನು ಹೇಳುವುದಿಲ್ಲ. ರಾತ್ರಿ ಒಂದೇ ಬಲ್ಬಿನ ಕೆಳಗೆ ಮೊಬೈಲ್‌ಗೆ ಸಮ ಇಲ್ಲ. ಓಡಾಡುವ ಕೂಸು, ಮದುವೆಯ ಮುಹೂರ್ತ, ಇವಕ್ಕೆ ಡಿಜಿಟಲ್ ಇರಲಿ. ಬಾಗಲಕೋಟೆಯ ಹೋಳಿಗೆ ಬಂದರೆ ಅಪ್ಪನ ಕ್ಯಾಮೆರಾ ದಯವಿಟ್ಟು ಮನೆಯಲ್ಲೇ ಬಿಡಿ. ಬ್ಯಾರಲ್‌ಗಟ್ಟಲೆ ಬಣ್ಣ ಹಾರುವಲ್ಲಿ ಅದು ಉಳಿಯುವುದಿಲ್ಲ. ಆಯಿಯ ದನಿ ಬೇಕಾದರೆ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ. ಫಿಲ್ಮ್‌ಗೆ ಅದು ಬರುವುದಿಲ್ಲ, ಅದೂ ಬೇಕು.

ಊರಿಗೆ ಹೋಗುವ ಮೊದಲು ಒಂದು ರೋಲನ್ನು ಬೆಂಗಳೂರಿನಲ್ಲೇ ಪರೀಕ್ಷೆಗೆ ಕೊಡಿ. ರೂಮಿನ ಕಿಟಕಿ, ಗೆಳತಿಯರು, ಏನಾದರೂ ಸರಿ. ಅದು ತೊಳೆದು ಬಂದು, ಅಂಚಿನಲ್ಲಿ ಬೆಳಕು ಸೋರಿಲ್ಲ, ಕಣ್ಣು ಚೂಪಾಗಿವೆ ಅಂತ ಖಾತ್ರಿ ಆದ ಮೇಲೆ ಗುಳೇದಗುಡ್ಡಕ್ಕೆ ಹೋಗಿ. ದೀಪಾವಳಿ ಆದ ಮೇಲಿನ ಚಳಿಗಾಲ ಒಳ್ಳೆಯದು. ಬೆಳಕು ಓರೆಯಾಗಿ ಬೀಳುತ್ತದೆ, ತೊಳೆಯುವ ನೀರೂ ತಣ್ಣಗಿರುತ್ತದೆ. ರೋಲ್ ಮುಗಿದ ಮೇಲೆ ಕಾರಿನ ಬಿಸಿಯಲ್ಲಿ ಬಿಡಬೇಡಿ, ತಿಂಗಳುಗಟ್ಟಲೆ ಇಡಬೇಡಿ, ಬೇಗ ತೊಳೆಸಿ.

ಬಂದ ಮೇಲೆ ಐದೋ ಆರೋ ಆರಿಸಿ ಪ್ರಿಂಟ್ ಹಾಕಿಸಿ, ಒಂದು ಪ್ರತಿ ಆಯಿಯ ಕೈಗೇ ಕೊಡಿ. ನೆಗೆಟಿವ್‌ಗಳನ್ನು ಆರಾರಾಗಿ ಕತ್ತರಿಸಿ ಕವರಿಗೆ ಹಾಕಿ, ಜೊತೆಗೆ ಒಂದು ಕಾಗದ ಇಡಿ. ಅದರ ಮೇಲೆ ಪೆನ್ಸಿಲ್‌ನಲ್ಲಿ ಆಯಿಯ ಪೂರ್ತಿ ಹೆಸರು, ತವರಿನ ಊರು, ತಾರೀಖು, ಪಕ್ಕದಲ್ಲಿ ಕೂತವರು ಯಾರು ಅನ್ನುವುದು ಇರಲಿ. ಹೆಸರು ಗೊತ್ತಿಲ್ಲದ ಮುಖಗಳ ನೆಗೆಟಿವ್ ನನ್ನ ಸ್ಟುಡಿಯೋದಲ್ಲಿ ಎರಡು ಪೆಟ್ಟಿಗೆ ತುಂಬ ಇವೆ. ಮುಳುಗಡೆ ಓಣಿಗಳ ಜನ. ಕೇಳಿಕೊಂಡು ಬರುವವರು ಆಗಾಗ ಬರುತ್ತಾರೆ, ಒಂದೊಂದೇ ಬೆಳಕಿಗೆ ಹಿಡಿದು ನೋಡುತ್ತಾರೆ.